ತೋಟದ ಮನೆಯ ದೂರದ ಕೋಣೆಗೆ ಇಂಟರ್‌ನೆಟ್ ತಂತಿ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ಹಳ್ಳಿಯ ಮನೆಗೆ ಇಂಟರ್‌ನೆಟ್ ಬರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. 2011ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲದ ಯೋಜನೆ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದು, ಗ್ರಾಮ ಪಂಚಾಯಿತಿಗಳವರೆಗೆ ಗಾಜಿನ ಎಳೆಯ ಕೇಬಲನ್ನು ಒಯ್ಯುವ ಕೆಲಸ ಕೈಗೊಂಡಿತು. ಅನೇಕ ಊರುಗಳಲ್ಲಿ ದೂರವಾಣಿ ಸಂಸ್ಥೆಗಳೂ ಸ್ಥಳೀಯ ಕೇಬಲ್ ಟಿ.ವಿ. ನಡೆಸುವವರೂ ಅದೇ ಬಗೆಯ ಎಳೆಯನ್ನು ಮನೆಯ ಜಗಲಿಯವರೆಗೆ ತಂದುಕೊಡುತ್ತಿದ್ದಾರೆ. ತೊಡಕು ಇರುವುದು ಜಗಲಿಯಿಂದ ಆಚೆಗೆ. ಅಲ್ಲಿಂದ ಹಿಂದಿನ ಕೋಣೆಗೆ, ಮಹಡಿಗೆ, ಉಗ್ರಾಣಕ್ಕೆ, ಕೊಟ್ಟಿಗೆಗೆ ಅದನ್ನು ಒಯ್ಯುವುದು ಯಾರ ಕೆಲಸವೂ ಅಲ್ಲದೆ ಉಳಿದುಬಿಟ್ಟಿದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಕಂಬದಿಂದ ತಂತಿ ತಂದವನು ಅತಿ ಹತ್ತಿರದ ಗೋಡೆಗೆ ಒಂದು ರಂಧ್ರ ಕೊರೆದು, ಬಾಗಿಲ ಪಕ್ಕದಲ್ಲೇ ಮೋಡೆಮ್ ತೂಗುಹಾಕಿ, ಮೊಬೈಲಿನಲ್ಲಿ ವೇಗ ತೋರಿಸಿ ಹೊರಡುತ್ತಾನೆ. ಜಗಲಿಯಲ್ಲಿ ಎಲ್ಲವೂ ಸೊಗಸು. ಆದರೆ ಮಕ್ಕಳ ಕಂಪ್ಯೂಟರ್ ಇರುವುದು ಮಹಡಿಯ ಹಿಂಬದಿಯ ಕೋಣೆಯಲ್ಲಿ. ಅಡಿಕೆ ಅಂಗಳದ ಕ್ಯಾಮೆರಾಗಳ ರೆಕಾರ್ಡರ್ ಇರುವುದು ಉಗ್ರಾಣದಲ್ಲಿ. ಟಿ.ವಿ. ನಡುಮನೆಯಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಮುರಕಲ್ಲಿನ ಗೋಡೆ ಎರಡೋ ಮೂರೋ. ಹೊಸ ಮನೆಯಾದರೆ ಕಬ್ಬಿಣ ತುಂಬಿದ ಕಾಂಕ್ರೀಟ್ ತಾರಸಿ. ಅಂಗಳದ ಮೇಲೆ ತಗಡಿನ ಚಾವಣಿ. ವೈ-ಫೈ ಎಂಬುದು ರೇಡಿಯೊ ಅಲೆ. ಕಲ್ಲು ಮಣ್ಣಿನ ಗೋಡೆ ಅದನ್ನು ಹೀರುತ್ತದೆ, ತಗಡು ಹಿಂದಕ್ಕೆ ತಳ್ಳುತ್ತದೆ. ಮಳೆಗಾಲದಲ್ಲಿ ಗೋಡೆ ತೇವ ಕುಡಿದಾಗ ಹೀರುವಿಕೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ನಡೆಯುತ್ತಿದ್ದುದು ಆಷಾಢದಲ್ಲಿ ನಿಂತಿತೆಂದರೆ ಅದರಲ್ಲಿ ಸೋಜಿಗವೇನೂ ಇಲ್ಲ.

ಆಗ ಪೇಟೆಗೆ ಹೋದ ಮನೆಯವರಿಗೆ ಅಂಗಡಿಯಾತ ಮೊದಲು ಕೊಡುವ ವಸ್ತು ರಿಪೀಟರ್. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಪೆಟ್ಟಿಗೆ ಅದು. ಬದುವಿನ ಈ ತುದಿಯವನ ಮಾತು ಆ ತುದಿಯವನಿಗೆ ಕೇಳದಿದ್ದಾಗ ನಡುವೆ ಒಬ್ಬ ನಿಂತು ಕೇಳಿ ಕೂಗಿ ಹೇಳುತ್ತಾನಲ್ಲ, ಅದೇ ಕೆಲಸ ಇದರದು. ಅವನು ಕೇಳುವಾಗ ಕೂಗಲಾರ, ಕೂಗುವಾಗ ಕೇಳಲಾರ. ಆದ್ದರಿಂದ ಒಂದೇ ರೇಡಿಯೊ ಇರುವ ರಿಪೀಟರಿನಲ್ಲಿ ವೇಗ ಅರ್ಧಕ್ಕೆ ಇಳಿಯುವುದು ಅದರ ಸ್ವಭಾವ, ಕೆಡುಕಲ್ಲ. ಅಷ್ಟೇ ಅಲ್ಲ, ಅದನ್ನು ಮನೆಯವರು ಇಡುವುದು ಸಿಗ್ನಲ್ ಸತ್ತುಹೋದ ಕೋಣೆಯಲ್ಲಿ. ಕೇಳಿಸದ ಜಾಗದಲ್ಲಿ ನಿಂತವನು ಏನನ್ನು ಕೂಗಿಯಾನು? ಮೊಬೈಲಿನಲ್ಲಿ ಒಂದು ಸಂದೇಶ ನೋಡುವುದಕ್ಕೆ ರಿಪೀಟರ್ ಸಾಕಾದೀತು. ಹಗಲೂ ರಾತ್ರಿ ಎಡೆಬಿಡದೆ ಕೆಲಸ ಮಾಡುವ ಕ್ಯಾಮೆರಾ ರೆಕಾರ್ಡರಿಗೆ, ನಡುವೆ ಕಡಿಯಬಾರದ ಪರೀಕ್ಷೆಗೆ ಅದು ಸಾಲದು. ದಪ್ಪ ಗೋಡೆಯ ಮನೆಯಲ್ಲಿ ರಿಪೀಟರಿಗೆ ಹಾಕಿದ ಹಣ ಬಹುಮಟ್ಟಿಗೆ ದಂಡವೇ.

ಇದಕ್ಕೆ ಬೇಸತ್ತ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಒಂದು ಡಬ್ಬ ಕೇಬಲ್ ತಂದು ಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಪಂಪ್‌ಮನೆಗೆ ತೆಂಗಿನ ಮರಗಳಿಗೆ ಕಟ್ಟಿ ಎಳೆದುಬಿಡುತ್ತಾರೆ. ಒಂದೆರಡು ತಿಂಗಳು ಚೆನ್ನಾಗಿಯೇ ನಡೆಯುತ್ತದೆ. ಮುಂಗಾರಿಗೆ ಮುಂಚಿನ ಗುಡುಗಿನ ಮಳೆ ಬಂದ ದಿನ ಮೋಡೆಮ್, ಟಿ.ವಿ., ಕಂಪ್ಯೂಟರ್, ರೆಕಾರ್ಡರ್ ನಾಲ್ಕೂ ಒಟ್ಟಿಗೆ ಸುಡುತ್ತವೆ. ರಿಪೀಟರಿನಿಂದ ಆಗುವ ನಷ್ಟ ಸಣ್ಣದು. ಇದರಿಂದ ಆಗುವುದು ಒಂದು ಬೆಳೆಯ ಲಾಭವನ್ನೇ ನುಂಗುವಂಥದು. ಒಂದೇ ಮನೆಯೊಳಗೆ ತಾಮ್ರದ ತಂತಿ, ಮನೆ ಬಿಟ್ಟು ಬೇರೆ ಕಟ್ಟಡಕ್ಕೆ ಗಾಜಿನ ಎಳೆ ಅಥವಾ ರೇಡಿಯೊ. ಈ ಭೇದವನ್ನು ಗಮನದಲ್ಲಿಟ್ಟು ಮುಂದಿನ ವಿವರಗಳನ್ನು ನೋಡಬೇಕು.

ಮೊದಲು ಮನೆಯೊಳಗಿನ ಮಾತು. ಕಂಪ್ಯೂಟರ್, ಟಿ.ವಿ., ರೆಕಾರ್ಡರ್, ಪ್ರಿಂಟರ್ ಇವುಗಳ ಹಿಂಬದಿಯಲ್ಲಿ ಟೆಲಿಫೋನ್ ಸಾಕೆಟ್ಟಿಗಿಂತ ಸ್ವಲ್ಪ ಅಗಲವಾದ, ಒಳಗೆ ಎಂಟು ಲೋಹದ ಕಡ್ಡಿಗಳಿರುವ ಚೌಕ ಕಿಂಡಿ ಇದ್ದರೆ ಅದು ತಂತಿಯ ಸಾಧನ. ಈ ಕಿಂಡಿಗೆ ಬರುವ ಕೇಬಲನ್ನು ಅಂಗಡಿಗಳಲ್ಲಿ ಲ್ಯಾನ್ ಕೇಬಲ್ ಎನ್ನುತ್ತಾರೆ. ಇದರೊಳಗೆ ಎಂಟು ಸಣ್ಣ ತಂತಿಗಳು ಎರಡೆರಡಾಗಿ ಹುರಿಗೊಂಡು ನಾಲ್ಕು ಜೋಡಿಯಾಗಿ ಇರುತ್ತವೆ. ಹುರಿ ಅಂದಕ್ಕಲ್ಲ. ಹತ್ತಿರದ ವಿದ್ಯುತ್ ತಂತಿ ಮೋಟಾರುಗಳಿಂದ ಬರುವ ಗದ್ದಲ ಜೋಡಿಯ ಎರಡೂ ಎಳೆಗಳ ಮೇಲೆ ಸಮನಾಗಿ ಬಿದ್ದು ಒಂದನ್ನೊಂದು ಕಳೆದುಕೊಳ್ಳಲೆಂದು ಹಾಗೆ ಹೊಸೆದಿರುತ್ತಾರೆ.

ಈ ತಂತಿಗೆ ಒಂದು ಎಲ್ಲೆ ಉಂಟು. ಒಂದು ಸಾಧನದಿಂದ ಇನ್ನೊಂದಕ್ಕೆ 100 ಮೀಟರ್, ಅಂದರೆ ಸುಮಾರು 328 ಅಡಿ. ಇದರಲ್ಲಿ 90 ಮೀಟರ್ ಗೋಡೆಯಲ್ಲಿ ಕೂಡಿಸಿದ ತಂತಿಗೆ, ಉಳಿದ 10 ಮೀಟರ್ ಎರಡು ತುದಿಯ ಬಾಗುವ ತುಂಡುಗಳಿಗೆ ಎಂದು ಲೆಕ್ಕ. ಉದ್ದವನ್ನು ಕಣ್ಣಳತೆಯಲ್ಲಿ ನೋಡಬಾರದು. ತಂತಿ ಹೋಗುವ ದಾರಿಯಲ್ಲೇ ಅಳೆಯಬೇಕು. ಜಗಲಿಗೂ ಹಿಂದಿನ ಕೋಣೆಗೂ ನೇರವಾಗಿ 18 ಮೀಟರ್ ಇರುವ ಒಂದು ಮನೆಯನ್ನು ತೆಗೆದುಕೊಳ್ಳೋಣ. ತಂತಿ ಮೋಡೆಮ್‌ನಿಂದ ಸೂರಿಗೆ 2 ಮೀಟರ್ ಏರಬೇಕು, ಮುಂಭಾಗದ ಸೂರಿನಡಿ 9 ಮೀಟರ್ ಸಾಗಬೇಕು, ಪಕ್ಕದ ಗೋಡೆಯುದ್ದಕ್ಕೆ 16, ಹಿಂಭಾಗದಲ್ಲಿ 5, ಮತ್ತೆ ಇಳಿಯಲು 2. ಒಟ್ಟು 34 ಆಯಿತು. ಎರಡೂ ತುದಿಗೆ ಮೂರು ಮೂರು ಮೀಟರ್ ಸುರುಳಿ ಬಿಟ್ಟರೆ 40. ಇಷ್ಟು ದೊಡ್ಡ ಮನೆಗೂ 100 ಮೀಟರಿನ ಅರ್ಧ ಸಹ ಬೇಕಾಗಲಿಲ್ಲ. ಮನೆಯೊಳಗೆ ಉದ್ದದ ಭಯ ಬೇಡ ಎಂಬುದು ಇದರಿಂದ ತಿಳಿಯುತ್ತದೆ.

ಕೇಬಲ್ ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಕ್ಯಾಟ್-5ಇ ಎಂದು ಬರೆದದ್ದು ಸೆಕೆಂಡಿಗೆ 1000 ಮೆಗಾಬಿಟ್ ವೇಗವನ್ನು ಪೂರ್ತಿ 100 ಮೀಟರ್ ಒಯ್ಯುತ್ತದೆ. ಮನೆಗೆ ಅದು ಧಾರಾಳ. ಕ್ಯಾಟ್-6 ಸ್ವಲ್ಪ ದಪ್ಪ, ಸ್ವಲ್ಪ ದುಬಾರಿ. ಗೋಡೆಯೊಳಗೆ ಹೂಳುವುದಾದರೆ, ಮತ್ತೆ ಒಡೆಯುವ ಕೆಲಸ ತಪ್ಪಲೆಂದು ಅದನ್ನೇ ಹಾಕುವುದು ಒಳ್ಳೆಯದು. ಹಳ್ಳಿಯ ಮಾರುಕಟ್ಟೆಯಲ್ಲಿ ನಿಜವಾದ ಮೋಸ ಇರುವುದು ಈ ಅಂಕಿಗಳಲ್ಲಲ್ಲ, ಲೋಹದಲ್ಲಿ. ಅಲ್ಯೂಮಿನಿಯಂ ತಂತಿಗೆ ಮೇಲೆ ತೆಳುವಾಗಿ ತಾಮ್ರ ಲೇಪಿಸಿದ ಕೇಬಲ್ ಅರ್ಧ ಬೆಲೆಗೆ ಸಿಗುತ್ತದೆ. ಡಬ್ಬದ ಮೂಲೆಯಲ್ಲಿ ಸಿ.ಸಿ.ಎ. ಎಂಬ ಸಣ್ಣ ಅಕ್ಷರಗಳಿರುತ್ತವೆ. ಕೆಲವರು ಅದನ್ನೂ ಹಾಕುವುದಿಲ್ಲ. ಪರೀಕ್ಷೆ ಸುಲಭ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಬೇಕು. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಡಬ್ಬವನ್ನು ಎತ್ತಿದರೆ ತೂಕದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಎಳೆ ಬಾಗಿಸಿದಲ್ಲಿ ಮುರಿಯುತ್ತದೆ, ತೇವದಲ್ಲಿ ತುಕ್ಕು ಹಿಡಿಯುತ್ತದೆ. ಕ್ಯಾಮೆರಾಕ್ಕೆ ಇದೇ ತಂತಿಯಲ್ಲಿ ವಿದ್ಯುತ್ತನ್ನೂ ಕಳಿಸುವ ಪದ್ಧತಿ ಇರುವುದರಿಂದ, ಹೆಚ್ಚು ತಡೆಯ ಈ ತಂತಿ ಬಿಸಿಯೂ ಆಗುತ್ತದೆ. ಮೂವತ್ತು ಮೀಟರಿನಲ್ಲಿ ಉಳಿಸಿದ ನಾಲ್ಕು ಕಾಸಿಗೆ ಪ್ರತಿ ಮಳೆಗಾಲ ಗೋಡೆ ಹತ್ತುವ ಕೆಲಸ ತಪ್ಪದು.

ಸೂರಿನಡಿ ಹೊರಗೆ ಹೋಗುವ ಭಾಗಕ್ಕೆ ಒಳಾಂಗಣದ ಬೂದು ಕೇಬಲ್ ಬಳಸಬಾರದು. ಬಿಸಿಲಿಗೆ ಅದರ ಹೊರಕವಚ ಒಂದೆರಡು ವರ್ಷದಲ್ಲಿ ಬಿರಿಯುತ್ತದೆ. ಹೊರಾಂಗಣಕ್ಕೆಂದೇ ಕಪ್ಪು ಪಾಲಿಥೀನ್ ಕವಚದ ಕೇಬಲ್ ಬರುತ್ತದೆ. ಅಡಿಕೆ, ಭತ್ತ, ಶೇಂಗಾ ತುಂಬಿಡುವ ಮನೆಯಲ್ಲಿ ಬಿಸಿಲಿಗಿಂತ ದೊಡ್ಡ ಶತ್ರು ಇಲಿ. ಅಟ್ಟದ ಮೇಲೆ ತೆರೆದು ಬಿಟ್ಟ ತಂತಿಯನ್ನು ಇಲಿ ಕಡಿಯದೆ ಬಿಡುವುದು ಅಪರೂಪ, ಉದ್ದಕ್ಕೂ ಪಿ.ವಿ.ಸಿ. ಪೈಪು ಹಾಕಿ, ಪೈಪಿನ ಬಾಯಿಗಳನ್ನು ಮುಚ್ಚಬೇಕು. ಈ ಪೈಪಿನೊಳಗೆ ವಿದ್ಯುತ್ ತಂತಿಯನ್ನು ಸೇರಿಸಿ ಎಳೆಯುವುದು ಅಪಾಯ. ವಿದ್ಯುತ್ ತಂತಿಯ ಕವಚ ಎಲ್ಲಾದರೂ ಸವೆದರೆ 230 ವೋಲ್ಟು ಮಗು ಕುಳಿತ ಕಂಪ್ಯೂಟರಿನವರೆಗೆ ಬರುತ್ತದೆ. ಎರಡರ ನಡುವೆ ಒಂದಡಿ ಅಂತರವಿರಲಿ. ಅಡ್ಡ ದಾಟಲೇಬೇಕಾದರೆ ನೇರ ಅಡ್ಡಲಾಗಿ ದಾಟಲಿ. ಮೂಲೆಯಲ್ಲಿ ಕೇಬಲನ್ನು ಕಾಗದದಂತೆ ಮಡಿಸದೆ, ಅದರ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆಯಿಲ್ಲದ ಸುತ್ತು ಕೊಡಬೇಕು. ಎತ್ತಿನ ಮಿಣಿಯಂತೆ ಜಗ್ಗಿ ಎಳೆದರೆ ಹುರಿ ಬಿಚ್ಚುತ್ತದೆ.

ತುದಿ ಕಟ್ಟುವ ಕೆಲಸ ಕಲಿಯಲು ಕಷ್ಟವಿಲ್ಲ. ಬಣ್ಣಗಳ ಕ್ರಮ ಎರಡೂ ತುದಿಗೆ ಒಂದೇ ಇರಬೇಕು. ರೂಢಿಯಲ್ಲಿರುವ ಕ್ರಮ ಎಡದಿಂದ ಬಲಕ್ಕೆ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಪ್ಲಗ್ಗಿನ ಕೊಂಡಿ ಕೆಳಮುಖವಾಗಿ, ತಂತಿ ಸೇರಿಸುವ ಬಾಯಿ ಕಟ್ಟುವವನ ಕಡೆಗೆ ಇರುವಂತೆ ಹಿಡಿದು ಈ ಕ್ರಮ ಎಣಿಸಬೇಕು. ಹುರಿಯನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದು. ಗೋಡೆಯ ಗಟ್ಟಿ ತಂತಿಗೆ ನೇರವಾಗಿ ಪ್ಲಗ್ ಕಟ್ಟುವುದಕ್ಕಿಂತ ಗೋಡೆಯಲ್ಲಿ ಸಾಕೆಟ್ ಕೂಡಿಸಿ, ಅಲ್ಲಿಂದ ಸಾಧನಕ್ಕೆ ಸಿದ್ಧವಾಗಿ ದೊರೆಯುವ ಬಾಗುವ ತುಂಡು ಹಾಕುವುದು ಬಾಳಿಕೆಯ ಕ್ರಮ. ಎಂಟು ದೀಪಗಳ ಸಣ್ಣ ಪರೀಕ್ಷಕ ಅಗ್ಗದ್ದು. ನಾಲ್ಕು ಮನೆಗಳು ಸೇರಿ ಒಂದು ಇಟ್ಟುಕೊಂಡರೂ ಸಾಕು.

ದೂರದ ಕೋಣೆಯಲ್ಲಿ ಸಾಧನ ಎಷ್ಟಿವೆಯೋ ಅಷ್ಟು ತಂತಿ ಎಳೆಯುವ ಅಗತ್ಯವಿಲ್ಲ. ಒಂದೇ ತಂತಿ ಒಯ್ದು, ಅಲ್ಲಿ ಐದು ಕಿಂಡಿಯ ಸ್ವಿಚ್ ಎಂಬ ಪೆಟ್ಟಿಗೆ ಇಟ್ಟರೆ ಒಂದು ಕಿಂಡಿಗೆ ಬಂದ ತಂತಿ, ಉಳಿದ ನಾಲ್ಕಕ್ಕೆ ನಾಲ್ಕು ಸಾಧನ. ಮುಖ್ಯ ಕಾಲುವೆಯಿಂದ ಮಡಿಗಳಿಗೆ ನೀರು ಒಡೆದಂತೆ. ಇದಕ್ಕೆ ಯಾವ ಹೊಂದಾಣಿಕೆಯೂ ಬೇಡ, ವಿದ್ಯುತ್ ಕೊಟ್ಟರೆ ಸಾಕು. ಒಂದು ತಪ್ಪು ಮಾತ್ರ ಮಾಡಬಾರದು. ಖಾಲಿ ಕಿಂಡಿ ಕಂಡು ಒಂದೇ ತಂತಿಯ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಸಿಕ್ಕಿಸಿದರೆ ಮಾಹಿತಿ ಗಾಣದೆತ್ತಿನಂತೆ ಸುತ್ತತೊಡಗಿ ಮನೆಯ ಜಾಲವೆಲ್ಲ ನಿಂತುಹೋಗುತ್ತದೆ. ಮೋಡೆಮ್ ಕೆಟ್ಟಿತೆಂದು ದೂರು ಕೊಡುವ ಮೊದಲು ಇದನ್ನು ನೋಡಬೇಕು.

ಕ್ಯಾಮೆರಾ ಇರುವವರಿಗೆ ಇನ್ನೊಂದು ಸೂಚನೆ. ಕ್ಯಾಮೆರಾಗಳೂ ರೆಕಾರ್ಡರೂ ಒಂದೇ ಸ್ವಿಚ್ಚಿನಲ್ಲಿ ಇರಲಿ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸುತ್ತದೆಂದು ಹಿಡಿದರೆ ಎಂಟಕ್ಕೆ 32 ಆಯಿತು. ಇಷ್ಟೂ ಹಗಲಿರುಳು ಉಗ್ರಾಣದೊಳಗೇ ಓಡಾಡಿಕೊಂಡಿರುತ್ತದೆ, ಜಗಲಿಯವರೆಗೆ ಬಂದು ಮನೆಯವರ ವೈ-ಫೈಗೆ ತೊಂದರೆ ಕೊಡುವುದಿಲ್ಲ. ಯಜಮಾನರು ಪೇಟೆಯಿಂದ ಮೊಬೈಲಿನಲ್ಲಿ ನೋಡಿದಾಗ ಮಾತ್ರ ಮುಖ್ಯ ತಂತಿಯ ಮೇಲೆ ಹರಿಯುತ್ತದೆ. ಒಂದು ವೇಳೆ ಇಂಟರ್‌ನೆಟ್ ನಿಂತರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ. ಕಾಳುಮೆಣಸು ಒಣಗಿಸುವ ಕಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ತಂತಿ ಮುಟ್ಟಿದ ದೂರದ ಕೋಣೆಯಲ್ಲಿ ಮೊಬೈಲಿಗೂ ಸಿಗ್ನಲ್ ಬೇಕಾದರೆ ಮನೆಯಲ್ಲಿ ಬಿದ್ದಿರುವ ಹಳೆಯ ರೂಟರನ್ನೇ ಬಳಸಬಹುದು. ಅದರಲ್ಲಿ ವಿಳಾಸ ಹಂಚುವ ಕೆಲಸವನ್ನು, ಅಂದರೆ ಡಿ.ಎಚ್.ಸಿ.ಪಿ.ಯನ್ನು ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನು ಮೋಡೆಮ್‌ಗಿಂತ ಬೇರೆ ಮಾಡಿ, ಬಂದ ತಂತಿಯನ್ನು ವ್ಯಾನ್ ಎಂದು ಬರೆದ ಕಿಂಡಿಗೆ ಹಾಕದೆ ಲ್ಯಾನ್ ಕಿಂಡಿಗೆ ಹಾಕಬೇಕು. ವಿಳಾಸ ಹಂಚುವವರು ಮನೆಗೆ ಇಬ್ಬರಾದರೆ ಪ್ರಿಂಟರ್ ಒಂದು ದಾರಿ, ಕಂಪ್ಯೂಟರ್ ಇನ್ನೊಂದು ದಾರಿ ಹಿಡಿಯುತ್ತವೆ.

ಗೋಡೆ ಕೊರೆಯಲು ಒಪ್ಪದ ಹಿರಿಯರಿರುವ ಮನೆಗಳುಂಟು; ಬಾಡಿಗೆ ಮನೆಗಳುಂಟು. ಅಲ್ಲಿ ಏನು ಮಾಡಬೇಕು? ಎರಡು ಉಪಾಯಗಳಿವೆ, ಎರಡೂ ತಂತಿಗೆ ಕಡಿಮೆಯೇ. ಮೊದಲನೆಯದು, ಮೆಶ್ ಎಂದು ಕರೆಯುವ ಜೋಡಿ ಪೆಟ್ಟಿಗೆಗಳು. ಇವುಗಳಲ್ಲಿ ಕೆಲವಕ್ಕೆ ತಮ್ಮತಮ್ಮಲ್ಲಿ ಮಾತಾಡಲು ಪ್ರತ್ಯೇಕ ರೇಡಿಯೊ ಇರುತ್ತದೆ. ಹಾಗಾಗಿ ರಿಪೀಟರಿನ ಅರ್ಧ ಸೋರಿಕೆ ಇಲ್ಲಿಲ್ಲ. ಹಿಂದೆ ತಂತಿಯ ಕಿಂಡಿ ಇರುವ ಮಾದರಿಯನ್ನೇ ಕೇಳಿ ಕೊಳ್ಳಬೇಕು. ಅದರಿಂದ ಒಂದು ತುಂಡು ತಂತಿ ಕಂಪ್ಯೂಟರಿಗೆ ಬಂದರೆ ಆಯಿತು. ಇದನ್ನು ಸತ್ತ ಕೋಣೆಯಲ್ಲಿಡದೆ, ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ, ಬಾಗಿಲಿನ ನೇರಕ್ಕೆ ಇಡಬೇಕು. ಎರಡನೆಯದು, ಮನೆಯ ವಿದ್ಯುತ್ ತಂತಿಯಲ್ಲೇ ಮಾಹಿತಿ ಕಳಿಸುವ ಪವರ್‌ಲೈನ್ ಅಡಾಪ್ಟರ್. ಕೇಳಲು ಬಹಳ ಸೊಗಸು. ಆದರೆ ಮೂರು ಫೇಸ್ ಇರುವ ಮನೆಯಲ್ಲಿ ಎರಡು ಕೋಣೆಗಳು ಬೇರೆ ಬೇರೆ ಫೇಸಿನ ಮೇಲಿದ್ದರೆ ಅದು ಬಡವಾಗುತ್ತದೆ. ಒಂದು ಇನ್ವರ್ಟರ್ ಮಾರ್ಗದ ಪ್ಲಗ್ಗಿನಲ್ಲಿ, ಇನ್ನೊಂದು ನೇರ ಮಾರ್ಗದಲ್ಲಿ ಇದ್ದರೂ ಅಷ್ಟೆ. ಮಿಕ್ಸಿ, ಮೋಟಾರು ಹಾಕಿದಾಗ ತಡವರಿಸುತ್ತದೆ. ಪೆಟ್ಟಿಗೆಯ ಮೇಲೆ 1000 ಎಂದು ಬರೆದಿದ್ದರೂ ಅದರ ಒಂದು ಸಣ್ಣ ಪಾಲು ಮಾತ್ರ ಕೈಗೆ ಸಿಗುತ್ತದೆ. ಹಿಂದಿರುಗಿಸಿದರೆ ತೆಗೆದುಕೊಳ್ಳುತ್ತೇನೆಂದು ಅಂಗಡಿಯವನು ಒಪ್ಪಿದರೆ ಮಾತ್ರ ತಂದು ನೋಡಬಹುದು.

ಇನ್ನು ಮನೆಯಿಂದ ಹೊರಗಿನ ಕಟ್ಟಡಗಳು. ಇಲ್ಲಿ ಉದ್ದದ ನಿಯಮವನ್ನು ನಂಬಿ ರೈತರು ಮೋಸಹೋಗುತ್ತಾರೆ. ಕೊಟ್ಟಿಗೆ 60 ಮೀಟರ್ ದೂರದಲ್ಲಿದ್ದರೆ ತಾಮ್ರದ ತಂತಿಗೆ ಅದು ಸಲೀಸಾದ ದೂರವೇ. ಆದರೂ ಹಾಕಬಾರದು. ಕಾರಣ ಇಷ್ಟು: ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ತೋಟದ ಒಂದು ತೆಂಗಿಗೆ ಬಡಿದಾಗ ಅದರ ಬುಡದಲ್ಲಿ ಸಾವಿರಾರು ಆಂಪಿಯರ್ ವಿದ್ಯುತ್ ಮಣ್ಣಿಗೆ ಇಳಿಯುತ್ತದೆ. ಆ ಕ್ಷಣದಲ್ಲಿ ಕೊಟ್ಟಿಗೆಯ ನೆಲದ ವೋಲ್ಟೇಜಿಗೂ ಮನೆಯ ನೆಲದ ವೋಲ್ಟೇಜಿಗೂ ಭಾರೀ ಅಂತರ ಉಂಟಾಗುತ್ತದೆ. ಎರಡನ್ನೂ ಕೂಡಿಸುವ ತಾಮ್ರದ ತಂತಿಯೊಂದು ಇದ್ದರೆ, ಎತ್ತರದ ಗದ್ದೆಯಿಂದ ತಗ್ಗಿನ ಗದ್ದೆಗೆ ಬದು ಒಡೆದು ನೀರು ನುಗ್ಗಿದಂತೆ ಆ ಅಂತರವೆಲ್ಲ ಅದರ ಮೂಲಕ ನುಗ್ಗುತ್ತದೆ. ಸಿಡಿಲು ಬಿದ್ದ ಜಾಗದ ಹತ್ತಿರ ನಿಂತ ದನ ಮುಂಗಾಲು ಹಿಂಗಾಲುಗಳ ನಡುವಿನ ಅಂತರದಿಂದಲೇ ಸಾಯುವುದನ್ನು ಹಳ್ಳಿಯವರು ಕಂಡಿದ್ದಾರೆ. ಎರಡು ಕಟ್ಟಡಗಳ ನಡುವಿನ ತಂತಿಗೆ ಆಗುವುದೂ ಅದೇ. ತಂತಿಯನ್ನು ನೆಲದಲ್ಲಿ ಹೂಳಿದರೆ ಭಯವಿಲ್ಲ ಎಂಬ ನಂಬಿಕೆ ತಪ್ಪು. ಮಣ್ಣಿನಲ್ಲಿ ಹರಿಯುವ ವಿದ್ಯುತ್ತಿಗೆ ಹೂತ ತಂತಿ ಇನ್ನೂ ಹತ್ತಿರ.

ಕ್ಯಾಮೆರಾಕ್ಕೆ ತಂತಿಯಲ್ಲೇ ವಿದ್ಯುತ್ ಕಳಿಸುವ ಸ್ವಿಚ್ ಮನೆಯಲ್ಲಿದೆ, ಅದರಿಂದಲೇ ಕೊಟ್ಟಿಗೆಯ ಕ್ಯಾಮೆರಾಕ್ಕೂ ಎಳೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಈ ಪದ್ಧತಿಯ 2003ರ ಮೊದಲ ಮಾನಕದಲ್ಲಿ ಒಂದು ಕಿಂಡಿಯಿಂದ 15.4 ವಾಟ್, 2009ರದರಲ್ಲಿ 30 ವಾಟ್ ಕಳಿಸಬಹುದು. ಸಾಮಾನ್ಯ ಕ್ಯಾಮೆರಾಕ್ಕೆ ಅದು ಸಾಕು. ಒಂದೇ ಚಾವಣಿಯಡಿ ಇದು ಬಹಳ ಅನುಕೂಲ. ಬೇರೆ ಪಾಯದ ಕಟ್ಟಡಕ್ಕೆ ಮಾತ್ರ ಇದೂ ತಾಮ್ರವೇ ಎಂಬುದನ್ನು ಮರೆಯಬಾರದು. ಸರ್ಜ್ ಪ್ರೊಟೆಕ್ಟರ್ ಎಂಬ ರಕ್ಷಕಗಳು ಉಂಟು. ಎರಡೂ ತುದಿಯಲ್ಲಿ ಒಳ್ಳೆಯ ಅರ್ತಿಂಗ್ ಇದ್ದರೆ ಅವು ಸ್ವಲ್ಪ ಮಟ್ಟಿಗೆ ಕಾಯುತ್ತವೆ. ಬೇಸಿಗೆಯಲ್ಲಿ ನೀರು ಕಾಣದೆ ಒಣಗಿದ ಅರ್ತಿಂಗ್ ಗುಂಡಿಯನ್ನು ನಂಬಿ ಅವನ್ನು ಹಾಕಿದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಗಾಜಿನ ಎಳೆಗೆ ಈ ಭಯವಿಲ್ಲ. ಅದರಲ್ಲಿ ಹೋಗುವುದು ಬೆಳಕು. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಮನೆಯ ಕಡೆ ಒಂದು, ಕೊಟ್ಟಿಗೆಯ ಕಡೆ ಒಂದು ಮೀಡಿಯಾ ಕನ್ವರ್ಟರ್ ಎಂಬ ಪೆಟ್ಟಿಗೆ ಇಟ್ಟರೆ ಒಂದು ಪಕ್ಕ ಗಾಜಿನ ಎಳೆ, ಇನ್ನೊಂದು ಪಕ್ಕ ಮಾಮೂಲು ಲ್ಯಾನ್ ತಂತಿ. ದೂರ ಇಲ್ಲಿ ಲೆಕ್ಕಕ್ಕೇ ಇಲ್ಲ. ಸಿಂಗಲ್ ಮೋಡ್ ಎಳೆ ಕಿಲೋಮೀಟರುಗಟ್ಟಲೆ ಹೋಗುತ್ತದೆ, 250 ಮೀಟರಿನ ಪಂಪ್‌ಮನೆ ಅದಕ್ಕೆ ಅಂಗಳವಿದ್ದಂತೆ. ಒಂದೇ ಎಳೆಯಲ್ಲಿ ಹೋಗುವ ಬರುವ ಎರಡೂ ಮಾತು ನಡೆಯಬೇಕಾದ್ದರಿಂದ ಜೋಡಿಯ ಒಂದು ಪೆಟ್ಟಿಗೆ 1310 ನ್ಯಾನೊಮೀಟರ್, ಇನ್ನೊಂದು 1550 ನ್ಯಾನೊಮೀಟರ್ ಬೆಳಕಿನಲ್ಲಿ ಕಳಿಸುತ್ತದೆ. ಎ ಮತ್ತು ಬಿ ಎಂದು ಗುರುತು ಇರುತ್ತದೆ. ಎರಡು ಎ ತಂದರೆ ಮಾತು ನಡೆಯುವುದಿಲ್ಲ. ತುದಿಯ ಪ್ಲಗ್ಗಿನ ಬಣ್ಣವನ್ನೂ ನೋಡಬೇಕು. ಹಸಿರು ಪ್ಲಗ್ಗಿನ ಮುಖ ಓರೆ, ನೀಲಿಯದು ನೇರ. ಹಸಿರನ್ನು ನೀಲಿ ಕಿಂಡಿಗೆ ತುರುಕಿದರೆ ಬೆಳಕು ಸೋರಿಹೋಗುತ್ತದೆ.

ಕೇಬಲ್ ಕೊಳ್ಳುವಾಗ ಲೋಹರಹಿತವಾದದ್ದನ್ನು ಕೇಳಬೇಕು. ಬಲಕ್ಕಾಗಿ ಉಕ್ಕಿನ ತಂತಿ ಸೇರಿಸಿದ ಗಾಜಿನ ಕೇಬಲ್ ಹಾಕಿದರೆ ಬೆಳಕು ಗಾಜಿನಲ್ಲಿ, ಸಿಡಿಲು ಉಕ್ಕಿನಲ್ಲಿ ಬರುತ್ತದೆ. ಹಾಗೆ ಹಾಕಿಬಿಟ್ಟಿದ್ದರೆ ಉಕ್ಕಿನ ಎಳೆಯನ್ನು ಕಟ್ಟಡದ ಹೊರಗೇ ಕತ್ತರಿಸಿ ಹಿಂದೆ ನಿಲ್ಲಿಸಬೇಕು, ಪೆಟ್ಟಿಗೆಯವರೆಗೆ ತರಬಾರದು. ಕಂಬದಿಂದ ಜಗಲಿಗೆ ಬಂದಿರುವ ಕಂಪನಿಯ ಕೇಬಲಿನಲ್ಲೂ ಇಂಥ ಉಕ್ಕು ಇದೆಯೇ ಎಂದು ಒಮ್ಮೆ ನೋಡಿಸುವುದು ಲೇಸು. ಎಳೆ ಬೆಸೆಯುವ ಯಂತ್ರ ಊರಿನ ಕೇಬಲ್ ನಡೆಸುವವರ ಬಳಿ ಇರುತ್ತದೆ. ಎರಡು ತುದಿಯ ಬೆಸುಗೆ ಅವರಿಗೆ ಅರ್ಧ ಗಂಟೆಯ ಕೆಲಸ. ಕತ್ತರಿಸಿದ ಗಾಜಿನ ಚೂರು ಕೂದಲಿನಂತೆ ಸಣ್ಣದು. ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ, ಮೇವಿಗೆ ಬಿದ್ದರೆ ದನಗಳಿಗೆ ಕೇಡು. ಅಂಟುಪಟ್ಟಿಯ ಮೇಲೆ ಆರಿಸಿ ಎಸೆಯಬೇಕು. ಉರಿಯುತ್ತಿರುವ ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರ ಬೆಳಕು ಕಾಣಿಸದು, ಆದರೆ ಕಣ್ಣಿಗೆ ಹಾನಿ.

ಹೂಳುವುದಾದರೆ ಪೈಪಿನೊಳಗೆ ಹಾಕಿ, ನೇಗಿಲು ರೋಟವೇಟರ್ ಮುಟ್ಟದಂತೆ ಎರಡರಿಂದ ಮೂರು ಅಡಿ ಆಳದಲ್ಲಿ. ಹನಿ ನೀರಾವರಿಯ ಮುಖ್ಯ ಪೈಪಿಗೆ ಹೇಗೂ ಕಾಲುವೆ ತೋಡುವ ವರ್ಷ ಇದ್ದರೆ ಅದೇ ಕಾಲುವೆಯಲ್ಲಿ ಒಂದು ಖಾಲಿ ಪೈಪು, ಒಳಗೆ ನೈಲಾನ್ ಹಗ್ಗ ಇಟ್ಟುಬಿಡುವುದು ಜಾಣತನ. ಕೇಬಲ್ ಮುಂದಿನ ವರ್ಷ ಎಳೆದರೂ ನಡೆಯುತ್ತದೆ.

ತೋಡಲಾಗದ ಕಡೆ, ನಡುವೆ ಹಳ್ಳವೋ ಪಂಚಾಯಿತಿ ರಸ್ತೆಯೋ ಇದ್ದರೆ, ಎದುರುಬದುರು ನೋಡುವ ಎರಡು ಹೊರಾಂಗಣ ರೇಡಿಯೊಗಳು ಕೆಲಸ ಕೊಡುತ್ತವೆ. 2018ರ ಅಧಿಸೂಚನೆಯ ನಂತರ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಿಗದಿತ ಶಕ್ತಿಯೊಳಗೆ ಇವುಗಳನ್ನು ಹೊರಗೆ ಬಳಸಲು ಪರವಾನಗಿ ಬೇಕಿಲ್ಲ. ಕಣ್ಣಿಗೆ ಕಣ್ಣು ಕಾಣಬೇಕು ಎನ್ನುವುದಷ್ಟೇ ಸಾಲದು. 300 ಮೀಟರ್ ದೂರಕ್ಕೆ ನಡುಮಧ್ಯದಲ್ಲಿ ನೇರ ಗೆರೆಯ ಸುತ್ತ ಎರಡು ಮೀಟರ್ ತೆರಪು ಇರಬೇಕು. ಅಡಿಕೆ ತೋಟದ ಮೂಲಕ ಹಾಯಿಸಿದರೆ ಬೇಸಿಗೆಯಲ್ಲಿ ಅರೆಬರೆ, ಒದ್ದೆ ಸೋಗೆಯ ಮಳೆಗಾಲದಲ್ಲಿ ಪೂರ್ತಿ ನಿಲುಗಡೆ. ರೇಡಿಯೊವನ್ನು ತೆಂಗಿನ ತುದಿಗೆ ಕಟ್ಟುವುದು ಸಿಡಿಲಿಗೆ ಔತಣ.

ವಿದ್ಯುತ್ತಿನ ಮಾತು ಕೊನೆಗೆ ಉಳಿಯಿತು. ಮೋಡೆಮ್ ಇನ್ವರ್ಟರ್ ಮೇಲಿದ್ದು ಉಗ್ರಾಣದ ಸ್ವಿಚ್ ನೇರ ಮಾರ್ಗದ ಮೇಲಿದ್ದರೆ, ಕರೆಂಟು ಹೋದಾಗ ಜಗಲಿಯಲ್ಲಿ ಇಂಟರ್‌ನೆಟ್ ಇದ್ದರೂ ಕ್ಯಾಮೆರಾ ಕುರುಡು. ಕಳ್ಳನಿಗೆ ಅನುಕೂಲವಾದ ಹೊತ್ತು ಅದೇ. ಪಂಪ್‌ಸೆಟ್ ಮಾರ್ಗದಲ್ಲಿ ತ್ರೀಫೇಸ್ ಇರುವುದು ದಿನದ ಕೆಲವೇ ಗಂಟೆಯಾದ್ದರಿಂದ ಪಂಪ್‌ಮನೆಯ ಪೆಟ್ಟಿಗೆಗೆ ಸಣ್ಣ ಸೌರ ಫಲಕವೂ ಬ್ಯಾಟರಿಯೂ ಬೇಕಾಗುತ್ತವೆ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವ ಅಭ್ಯಾಸ ಅನೇಕರಿಗೆ ಇದೆ, ಅದು ಒಳ್ಳೆಯದೇ. ಆದರೆ ಕರೆಂಟಿನ ಪ್ಲಗ್ ಕಿತ್ತು ಲ್ಯಾನ್ ತಂತಿ ಬಿಟ್ಟರೆ ಅರ್ಧ ಕೆಲಸ. ಎರಡನ್ನೂ ಬಿಡಿಸಬೇಕು, ಅದೂ ಗುಡುಗು ತಲೆಯ ಮೇಲೆ ಬರುವ ಮೊದಲೇ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಎಂಬ ಮೊಬೈಲ್ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಮುನ್ಸೂಚನೆ ಕೊಡುತ್ತದೆ.

ಎಲ್ಲ ಜೋಡಿಸಿದ ಮೇಲೆ ವೇಗ ಕಡಿಮೆಯೆನಿಸಿದರೆ ಕಂಪ್ಯೂಟರನ್ನು ಮೊದಲು ಮೋಡೆಮ್ ಪಕ್ಕದಲ್ಲೇ ತಂತಿಯಿಂದ ಕೂಡಿಸಿ ಅಳೆಯಬೇಕು. ಅಲ್ಲೇ ಕಡಿಮೆ ಇದ್ದರೆ ದೋಷ ಮನೆಯದಲ್ಲ, ಕಂಪನಿಗೆ ದೂರು ಕೊಡಬೇಕು. ಅಲ್ಲಿ 200 ಬಂದು ದೂರದ ಕೋಣೆಯಲ್ಲಿ ಮಾತ್ರ 95ರ ಸುಮಾರಿಗೆ ನಿಂತರೆ ನಾಲ್ಕು ಜೋಡಿಗಳಲ್ಲಿ ಒಂದು ಕಡಿದಿದೆ ಎಂದು ಸಂಶಯಪಡಬಹುದು. 100ರ ವೇಗಕ್ಕೆ ಕಿತ್ತಳೆ, ಹಸಿರು ಈ ಎರಡೇ ಜೋಡಿ ಸಾಕಾದ್ದರಿಂದ, ನೀಲಿಯೋ ಕಂದೋ ಕಡಿದಾಗ ಸಾಧನಗಳು ತಾವಾಗಿ ಅಷ್ಟಕ್ಕೆ ಇಳಿದುಕೊಳ್ಳುತ್ತವೆ. ಸ್ವಿಚ್ಚಿನ ಆ ಕಿಂಡಿಯ ದೀಪವೂ ಅನೇಕ ಮಾದರಿಗಳಲ್ಲಿ ಬಣ್ಣ ಬದಲಿಸುತ್ತದೆ. ತಂತಿಯನ್ನೆಲ್ಲ ಕೀಳುವ ಮೊದಲು ಎರಡು ತುದಿಗಳನ್ನು ಮತ್ತೆ ಕಟ್ಟಿ ನೋಡಬೇಕು. ಸಾಮಾನ್ಯವಾಗಿ ದೋಷ ಇರುವುದು ಅಲ್ಲಿ. ತುದಿ ಸರಿಯಿದ್ದರೆ ಮುಂದಿನ ಅನುಮಾನ ಅಟ್ಟದ ಇಲಿಯ ಮೇಲೆ. ತಂತಿ ಹೋದ ದಾರಿಯ ಒಂದು ನಕ್ಷೆ ಬರೆದು, ಪೈಪಿನ ಆಳ ಗುರುತಿಸಿ, ಮೀಟರ್ ಬೋರ್ಡಿನ ಬಾಗಿಲ ಒಳಮೈಗೆ ಅಂಟಿಸಿಟ್ಟಿದ್ದರೆ ಹುಡುಕುವ ದಿನವೂ, ಜೆ.ಸಿ.ಬಿ. ತೋಟಕ್ಕೆ ಇಳಿಯುವ ದಿನವೂ ಅದು ಕೈಗೆ ಸಿಗುತ್ತದೆ.